ಅವನ ಕೈಗೆ ನಾನು ಇಟ್ಟ ಎಲೆ

ನನ್ನ ತಮ್ಮ ತೀರಿಕೊಂಡ ಮರುವರ್ಷ ಅವನ ಮಗ ಒಂದು ಹಾಳೆ ಹಿಡಿದುಕೊಂಡು ಬಂದ. ತಮ್ಮನ ನೆನಪಿಗೆ ದೊಡ್ಡದೊಂದು ಪುಸ್ತಕ ತರುತ್ತಿದ್ದರು. ಮಂತ್ರಿಗಳು ಬರೆದುಕೊಟ್ಟಿದ್ದರು, ಅವನ ಜೊತೆ ಓದಿದ ಡಾಕ್ಟರುಗಳು ಬರೆದುಕೊಟ್ಟಿದ್ದರು, ಮಠದಿಂದ ಆಶೀರ್ವಾದವೂ ಬಂದಿತ್ತು. ಒಡಹುಟ್ಟಿದ ಅಕ್ಕನ ಮಾತಷ್ಟೇ ಬಾಕಿ.

"ಅತ್ತಿ, ನೀ ಏನೂ ಬರೆಯೋದು ಬ್ಯಾಡ. ಮಾಸ್ತರು ಎಲ್ಲಾ ಬರದಾರ. ಕೆಳಗ ಒಂದು ಸಹಿ ಹಾಕು, ಸಾಕು" ಅಂದ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಅಕ್ಷರ ಕೂಡಿಸಿ ನಿಧಾನವಾಗಿ ಓದುತ್ತೇನೆ. ಮೊದಲರ್ಧ ಸರಿಯೇ ಇತ್ತು. ಆಮೇಲೆ ಒಂದು ಸಾಲು ಬಂತು: ನಮ್ಮ ಮನೆಯಲ್ಲಿ ಆಳು, ಒಡೆಯ ಎಂಬ ಭೇದವೇ ಇರಲಿಲ್ಲ, ಮನೆಯ ಆಳು ನಮಗೆ ಒಡಹುಟ್ಟಿದವನಂತೆ ಇದ್ದ. ನಾನು ಪೆನ್ನು ಕೆಳಗಿಟ್ಟೆ.

"ಯಾಕತ್ತಿ?"

"ಇದು ಸುಳ್ಳೈತಿ."

"ಅಯ್ಯ, ಇಂಥಾ ಪುಸ್ತಕದಾಗ ಎಲ್ಲಾರೂ ಹಿಂಗ ಬರೀತಾರ. ಯಾರು ಕೇಳಾಕ ಬರ್ತಾರ?"

"ಎಲ್ಲಾರೂ ಬರೀಲಿ. ಈ ಸುಳ್ಳು ನಾ ಒಂದ್ಸಲ ಹೇಳೀನಿ. ಇನ್ನೊಂದ್ಸಲ ಹೇಳಂಗಿಲ್ಲ."

ನಾನೇ ಬರೆದುಕೊಡುತ್ತೇನೆ ಅಂದೆ. ಒಂದು ನೋಟ್‌ಬುಕ್ಕಿನ ಹನ್ನೊಂದು ಪುಟ ಬರೆದು ಕಳಿಸಿದೆ. ನಾಲ್ಕು ದಿನಕ್ಕೆ ಅದು ವಾಪಸು ಬಂತು. ಮೇಲೊಂದು ಚೀಟಿ: ಪುಸ್ತಕದಲ್ಲಿ ಸ್ಥಳಾವಕಾಶವಿಲ್ಲ. ಮಂತ್ರಿಗಳ ಫೋಟೋಕ್ಕೆ ಇಡೀ ಪುಟ ಬಿಟ್ಟವರಿಗೆ ಅಕ್ಕನ ಮಾತಿಗೆ ಜಾಗ ಇರಲಿಲ್ಲ. ಬೇಡ ಬಿಡಿ. ಆ ಹನ್ನೊಂದು ಪುಟವನ್ನೇ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ. ಆಮೇಲೆ ಏನಾಯಿತು ಅನ್ನುವುದನ್ನೂ ಸೇರಿಸಿದ್ದೇನೆ.

ಮೊದಲು ತಮ್ಮನ ವಿಷಯ. ಅವನನ್ನು ರಾಕ್ಷಸ ಮಾಡಲಿಕ್ಕೆ ನಾನು ಕೂತಿಲ್ಲ. ಅವನು ನನಗಿಂತ ಹತ್ತು ವರ್ಷ ಚಿಕ್ಕವನು. ಅವನು ಹುಟ್ಟಿದಾಗ ಅವ್ವನಿಗೆ ಮೈಯಲ್ಲಿ ಆರಾಮಿರಲಿಲ್ಲ. ಕೂಸನ್ನು ಎತ್ತಿಕೊಳ್ಳಲಿಕ್ಕೆ ಯಾರಾದರೂ ಬೇಕಿತ್ತು, ನನ್ನನ್ನು ಶಾಲೆ ಬಿಡಿಸಿದರು. ಅವನು ನನ್ನ ಸೊಂಟದ ಮೇಲೆಯೇ ಬೆಳೆದ. ಮುಂದೆ ಅವನ ಪಾಠದ ಪುಸ್ತಕ ಕದ್ದು ಓದಿಯೇ ನಾನು ಕಲಿತ ನಾಲ್ಕು ಅಕ್ಷರ ಉಳಿಸಿಕೊಂಡೆ. ಅವನು ಬಳ್ಳಾರಿಗೆ ಹೋಗಿ ಡಾಕ್ಟರಿಕೆ ಓದಿ ಬಂದ. ಹಗರಿಬೊಮ್ಮನಹಳ್ಳಿಯಲ್ಲಿ ದವಾಖಾನೆ ಇಟ್ಟ. ಅವನ ಕೈಗುಣ ದೊಡ್ಡದಿತ್ತು. ಹಾವು ಕಚ್ಚಿದವರು, ಹೆರಿಗೆ ಕಷ್ಟವಾದವರು ಹಡಗಲಿ ಕಡೆಯಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಇಲ್ಲದವರ ಹತ್ತಿರ ಅವನು ಏನೂ ಕೇಳುತ್ತಿರಲಿಲ್ಲ. ಆ ಹೆಸರಿನ ಮೇಲೆಯೇ ಚುನಾವಣೆಗೆ ನಿಂತ, ಗೆದ್ದ, ಬೆಂಗಳೂರಿಗೆ ಹೋಗಿ ಶಾಸಕನಾಗಿ ಕೂತ. ಇದೆಲ್ಲ ನಿಜ. ಪುಸ್ತಕದವರು ಇಷ್ಟನ್ನು ಚೆನ್ನಾಗಿಯೇ ಬರೆದಿದ್ದಾರೆ.

ನನ್ನನ್ನು ನೀಲಗುಂದದ ಕಡೆ ಕೊಟ್ಟಿದ್ದರು. ಎರಡು ವರ್ಷಕ್ಕೆ ಗಂಡ ಜ್ವರ ಬಂದು ಹೋದ. ತಿರುಗಿ ತವರಿಗೆ ಬಂದೆ. ಅಪ್ಪ, ಅವ್ವ ಹೋದಮೇಲೆ, ಮಕ್ಕಳ ಓದಿಗೆ ಅಂತ ತಮ್ಮನ ಹೆಂಡತಿ ಬಳ್ಳಾರಿಯಲ್ಲಿ ಉಳಿದಮೇಲೆ, ಕೋಗಳಿಯಿಂದ ಆಚೆಗಿರುವ ನಮ್ಮ ಹಳ್ಳಿಯ ಮನೆ, ಹೊಲ, ದನ ಎಲ್ಲ ನನ್ನ ಕೈಯಲ್ಲೇ ಇತ್ತು. ತಮ್ಮ ವಾರಕ್ಕೊಮ್ಮೆ ಜೀಪಿನಲ್ಲಿ ಬರುತ್ತಿದ್ದ. ಉಳಿದ ದಿನ ಮನೆಯೆಂದರೆ ನಾನು ಮತ್ತು ಅವನು.

ಅವನು ಅಂದರೆ ನಮ್ಮ ಜೀತದಾಳು. ಹೆಸರು ಬರೆಯುವುದಿಲ್ಲ. ನಾವು ಅವನನ್ನು ಹೆಸರು ಹಿಡಿದು ಕರೆದದ್ದು ಅಷ್ಟರಲ್ಲೇ ಇದೆ, "ಲೇ" ಅಂದರೆ ಬರುತ್ತಿದ್ದ.

ಅವನ ಅಪ್ಪನೂ ನಮ್ಮಲ್ಲಿಯೇ ದುಡಿದು ಸತ್ತವನು. ಆ ಮುದುಕ ಯಾರದೋ ಮದುವೆಗೆ ನಮ್ಮ ಅಪ್ಪನ ಹತ್ತಿರ ಏನೋ ತೆಗೆದುಕೊಂಡಿದ್ದನಂತೆ. ಎಷ್ಟು ಅಂತ ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಯಾರು ತೀರಿಸಲಿಕ್ಕಾಗುತ್ತದೆ? ಮಗ ಬಂದು ಅಪ್ಪನ ಜಾಗದಲ್ಲಿ ನಿಂತ.

ನಮ್ಮ ಮನೆಯ ರಿವಾಜು ಹೀಗಿತ್ತು. ಯುಗಾದಿಯ ಸಂಜೆ ಬೇವು ಬೆಲ್ಲ ಆದಮೇಲೆ ಅವನು ಬಂದು ಪಡಸಾಲೆಯ ಕೆಳಗೆ ನಿಲ್ಲಬೇಕು. ಮನೆಯವರು ಎರಡು ಎಲೆ, ಒಂದು ಇಡೀ ಅಡಿಕೆ ಕಟ್ಟೆಯ ಅಂಚಿಗೆ ಇಡಬೇಕು. ಅವನು ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಇದಕ್ಕೆ ಎಲೆ ಹಿಡಿಯುವುದು ಅನ್ನುತ್ತಿದ್ದರು. ಕಾಗದವಿಲ್ಲ, ಸಾಕ್ಷಿಯಿಲ್ಲ. ಎಲೆ ಹಿಡಿದ ಅಂದರೆ ಮುಂದಿನ ಯುಗಾದಿಯವರೆಗೆ ಅವನು ನಮ್ಮವನು. ಊರಿಗೆ ಊರೇ ಆ ಮಾತಿಗೆ ನಿಲ್ಲುತ್ತಿತ್ತು. ಇರಲಿಕ್ಕೆ ಮನಸ್ಸಿಲ್ಲದವನು ಆ ಸಂಜೆ ಮುಖ ತೋರಿಸುವುದಿಲ್ಲ, ಅಷ್ಟೇ. ಯುಗಾದಿಯ ದಿನ ತಪ್ಪಿದರೆ ಮುಂದಿನ ಅಮಾವಾಸ್ಯೆಯೊಳಗೆ ಯಾವತ್ತು ಹಿಡಿದರೂ ನಡೆಯುತ್ತಿತ್ತು. ಆ ಒಂದು ತಿಂಗಳು ಒಡೆಯರ ಮನೆಯ ಎಲೆ ಮುಟ್ಟಿದರೆ ಮುಟ್ಟಿದಂತೆಯೇ.

ತಮ್ಮ ಡಾಕ್ಟರಾದಮೇಲೆ ಈ ರಿವಾಜಿಗೆ ಒಂದು ಬಾಲ ಸೇರಿತು. ಎಲೆ ಹಿಡಿದ ಮರುದಿನ ಬೆಳಿಗ್ಗೆ ಅವನನ್ನು ಕೊಟ್ಟಿಗೆಯ ಕಲ್ಲಿನ ಮೇಲೆ ಕೂರಿಸಿ ತಮ್ಮ ಪರೀಕ್ಷೆ ಮಾಡುತ್ತಿದ್ದ. ಎದೆಗೆ ಕೊಳವೆ ಇಟ್ಟು ಕೇಳುತ್ತಿದ್ದ, ಕಣ್ಣಿನ ರೆಪ್ಪೆ ಎಳೆದು ನೋಡುತ್ತಿದ್ದ, ಬಾಯಿ ತೆಗೆಸಿ ಹಲ್ಲು ನೋಡುತ್ತಿದ್ದ. "ಭೇಷ್, ಈ ವರ್ಷಕ್ಕ ಏನೂ ತೊಂದ್ರಿ ಇಲ್ಲ" ಅನ್ನುತ್ತಿದ್ದ. ಬಾಗಿಲಲ್ಲಿ ನಿಂತು ನೋಡುವ ನನಗೆ ಹೆಮ್ಮೆ. ಆಳಿಗೆ ಇಷ್ಟು ನೋಡಿಕೊಳ್ಳುವ ಒಡೆಯ ಯಾವ ಊರಲ್ಲಿದ್ದಾನೆ ಅಂತ ನೆರೆಯವರ ಮುಂದೆ ಆಡಿದವಳೂ ನಾನೇ. ದನದ ಸಂತೆಯಲ್ಲಿ ಎತ್ತಿನ ತುಟಿ ಎತ್ತಿ ಹಲ್ಲು ನೋಡುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಲಿಕ್ಕೆ ನನಗೆ ಬಹಳ ವರ್ಷ ಬೇಕಾಯಿತು. ತಡವಾಗಿ ಬಂದ ಬುದ್ಧಿಗೆ ಯಾರೂ ಹಾರ ಹಾಕಬೇಕಾಗಿಲ್ಲ.

ತಮ್ಮ ಶಾಸಕನಾದಮೇಲೆ ಹರಪನಹಳ್ಳಿಯಲ್ಲೊಂದು ಸಭೆ ಮಾಡಿ, ಜೀತ ಅನ್ನುವುದು ದೇಶಕ್ಕೆ ಕಳಂಕ ಅಂತ ಭಾಷಣ ಮಾಡಿದ. ಚಪ್ಪಾಳೆ ಬಿತ್ತು. ಆ ದಿನ ವೇದಿಕೆಯ ಹಿಂದೆ ನೀರಿನ ಕೊಡ ಕಾಯುತ್ತ ಕೂತವನು ನಮ್ಮ ಜೀತದಾಳೇ. ಮನೆಗೆ ಬಂದಮೇಲೆ ನಾನು ಅವನಿಗೆ, "ಹೆಂಗಿತ್ತಲೇ ಭಾಷಣ?" ಅಂತ ಕೇಳಿದೆ. "ಬಾಳ ಚಲೋ ಇತ್ರಿ ಅಕ್ಕಾರ. ಆ ಜೀತದವ್ರು ಯಾವೂರವ್ರೋ ಪಾಪ" ಅಂದ. ನಾನು ನಕ್ಕೆ. ಅವನು ನಗಲಿಲ್ಲ.

ತೊಂಬತ್ತರ ದಶಕದ ನಡುವೆ ಒಂದು ವರ್ಷ ಅವನು ಯುಗಾದಿಯ ಸಂಜೆ ಬರಲಿಲ್ಲ.

ಎಲೆ ಅಡಿಕೆ ಕಟ್ಟೆಯ ಮೇಲೆ ಬಾಡಿತು. ಮರುದಿನ ದನ ಬಿಡಲಿಕ್ಕೆ ಬಂದಾಗ ಕೇಳಿದೆ.

"ನಿನ್ನಿ ಎಲ್ಲಿ ಸತ್ತಿದ್ದಿ?"

"ಇಲ್ಲೇ ಕೇರ್ಯಾಗ ಇದ್ನಿರಿ."

"ಮತ್ತ ಎಲಿ ಯಾರು ಹಿಡೀಬೇಕು?"

ಅವನು ಹಗ್ಗ ಬಿಚ್ಚುತ್ತಲೇ ಹೇಳಿದ. "ಈ ವರ್ಷ ಹಿಡಿಯಂಗಿಲ್ರಿ ಅಕ್ಕಾರ. ಗುಡೇಕೋಟಿ ಕಡೆ ನನ್ನ ಹೆಂಡ್ತಿ ಊರಾಗ ಸರ್ಕಾರದವ್ರು ಎರಡೆಕರೆ ಕೊಟ್ಟಾರ. ಜಾಲಿ, ಕಲ್ಲು. ಮಳಿ ಬೀಳೋದ್ರಾಗ ಹಸನ ಮಾಡಿ ಬಿತ್ತಬೇಕು. ಈ ವರ್ಷ ಬಿತ್ತಲಿಲ್ಲಂದ್ರ ತಿರುಗಿ ತಗೋತಾರಂತ. ಈ ಅಮಾಸಿತನ ದನ ನೋಡ್ಕೊಂತೀನಿ, ನೀವು ಬ್ಯಾರೇದವ್ರನ್ನ ನೋಡ್ಕೊಳ್ರಿ."

ಅಷ್ಟು ಉದ್ದ ಅವನು ಮಾತಾಡಿದ್ದನ್ನು ನಾನು ಅಲ್ಲಿವರೆಗೆ ಕೇಳಿರಲಿಲ್ಲ. "ತಮ್ಮ ಬರ್ಲಿ ತಡಿ" ಅಂದೆ. "ಬರ್ಲಿರಿ. ಅವ್ರಿಗೂ ಇದ ಹೇಳ್ತೀನಿ" ಅಂದ. ಸಿಟ್ಟಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಅದೇ ನನಗೆ ಸೇರಲಿಲ್ಲ.

ಒಂದು ವಾರ ಕಳೆದಿರಬೇಕು. ಪಂಚಾಯ್ತಿ ಆಫೀಸಿನ ಫೋನಿಗೆ ಬೆಂಗಳೂರಿನಿಂದ ತಮ್ಮ ಫೋನ್ ಮಾಡಿ ನನ್ನನ್ನು ಕರೆಸಿದ. ಅವನ ಎದುರಾಳಿ ಯಾರೋ ಅರ್ಜಿ ಹಾಕಿದ್ದರು, ಶಾಸಕರ ಮನೆಯಲ್ಲೇ ಜೀತ ಇದೆ ಅಂತ. ನಾಳೆ ಸಾಹೇಬರು ವಿಚಾರಣೆಗೆ ಬರುತ್ತಾರೆ ಅಂದ.

"ಏನ್ ಹೇಳ್ಬೇಕು?"

"ನಿನಗ ನಾ ಏನ್ ಹೇಳ್ಕೊಡ್ಲಿ ಅಕ್ಕ? ಮನಿ ಮರ್ಯಾದಿ ನಿನ್ನ ಕೈಯಾಗ ಐತಿ" ಅಂದು ಇಟ್ಟುಬಿಟ್ಟ.

ಇದನ್ನು ಬಿಡಿಸಿ ಬರೆಯಬೇಕು. ಮುಂದೆ ನಾನು ಮಾಡಿದ್ದನ್ನು ತಮ್ಮ ಹೇಳಿಕೊಡಲಿಲ್ಲ. ಯಾರೂ ಹೇಳಿಕೊಡಲಿಲ್ಲ. ಅದು ನನ್ನದೇ ಬುದ್ಧಿ.

ಬೆಳಿಗ್ಗೆ ತಮ್ಮನ ಹಳೆಯ ಅಂಗಿಯೊಂದನ್ನು ತೆಗೆದು ಅವನಿಗೆ ಕೊಟ್ಟೆ. ಇಸ್ತ್ರಿ ಮಾಡಿದ ಅಂಗಿ, ತೋಳು ಅವನ ಮೊಣಕೈಯವರೆಗೂ ಬರಲಿಲ್ಲ. ಪಡಸಾಲೆಗೆ ಕಬ್ಬಿಣದ ಕುರ್ಚಿ ಹಾಕಿಸಿದೆ.

"ಹತ್ತು ಮ್ಯಾಲ. ಕುಂದ್ರು."

"ಬ್ಯಾಡ್ರಿ ಅಕ್ಕಾರ. ನನಗ ರೂಢಿ ಇಲ್ಲ."

"ಕುಂದ್ರು ಅಂದ್ರ ಕುಂದ್ರಬೇಕು."

ಕೂತ. ಕುರ್ಚಿಯ ಅಂಚಿಗೆ, ಬೀಳುವವನ ಹಾಗೆ. ನಮ್ಮ ಮನೆಯಲ್ಲಿ ಅವನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು, ಅದೂ ನನ್ನ ಹುಕುಮಿನಿಂದ.

ಸಾಹೇಬರು ಬಂದರು. ಕರಾವಳಿ ಕಡೆಯ ಹುಡುಗ, ಆಗ ತಾನೇ ಕೆಲಸಕ್ಕೆ ಸೇರಿದವರು. ಜೊತೆಗೆ ಒಬ್ಬ ಗುಮಾಸ್ತ, ಮತ್ತೆ ನಮ್ಮ ಸೀಮೆಯವನೇ ಆದ ಒಬ್ಬ ಗ್ರಾಮ ಲೆಕ್ಕಿಗ. ನನ್ನನ್ನು ಕೇಳಿದರು. "ಮನಿ ಮಗ ಇದ್ದಂಗ ಅದಾನ್ರಿ. ಜೀತ ಗೀತ ನಮ್ಮಲ್ಲಿ ಇಲ್ಲ" ಅಂದೆ. ಗುಮಾಸ್ತ ಬರೆದುಕೊಂಡ. ಆಮೇಲೆ ಸಾಹೇಬರು ಅವನ ಕಡೆ ತಿರುಗಿ, "ನೀವು ಇಲ್ಲಿ ಸ್ವಂತ ಇಷ್ಟದಿಂದ ಇದ್ದೀರಾ? ಹೆದರಬೇಡಿ, ಹೇಳಿ" ಅಂದರು.

ಅವನು ಸಾಹೇಬರ ಮುಖವನ್ನೇ ನೋಡಿ, "ನಾ ಈ ವರ್ಷ..." ಅಂತ ಶುರು ಮಾಡಿದ.

ನಾನು ತಟ್ಟೆ ಹಿಡಿದುಕೊಂಡು ನಡುವೆ ಬಂದೆ. "ಮೊದ್ಲು ಎಲಿ ಅಡಿಕಿ ತಗೊಳ್ರಿ ಸಾಹೇಬ್ರ, ಮಾತು ಎಲ್ಲಿ ಹೋಗ್ತಾವ" ಅಂದೆ. ಸಾಹೇಬರಿಗೆ ಕೊಟ್ಟೆ, ಗುಮಾಸ್ತನಿಗೆ ಕೊಟ್ಟೆ, ಲೆಕ್ಕಿಗನಿಗೆ ಕೊಟ್ಟೆ. ಆಮೇಲೆ ಅವನ ಮುಂದೆ ನಿಂತೆ. ಅವನಿಗೆ ಯಾವತ್ತೂ ಕೈಗೆ ಕೊಟ್ಟಿರಲಿಲ್ಲ, ಕಟ್ಟೆಯ ಅಂಚಿಗೆ ಇಡುತ್ತಿದ್ದೆವು. ಆ ದಿನ ಅವನ ಕೈ ಹಿಡಿದು, ಅಂಗೈ ಬಿಡಿಸಿ, ಎರಡು ಎಲೆ, ಒಂದು ಇಡೀ ಅಡಿಕೆ ಇಟ್ಟೆ.

ಅಮಾವಾಸ್ಯೆಗೆ ಇನ್ನೂ ಇಪ್ಪತ್ತು ದಿನ ಇತ್ತು. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಲೆಕ್ಕಿಗನಿಗೂ ಗೊತ್ತು, ಅವನಿಗೆ ಇದ್ದಕ್ಕಿದ್ದಂತೆ ತನ್ನ ಚೀಲದಲ್ಲಿ ಏನೋ ಹುಡುಕುವ ಕೆಲಸ ಬಂತು. ಗೊತ್ತಿಲ್ಲದವರು ಸಾಹೇಬರೊಬ್ಬರೇ.

ಅವನು ಎಲೆ ನೋಡಿದ, ನನ್ನನ್ನು ನೋಡಿದ. ಮುಷ್ಟಿ ಮುಚ್ಚಿದ.

"ಏನೋ ಹೇಳ್ತಾ ಇದ್ರಿ?" ಸಾಹೇಬರು ಕೇಳಿದರು.

"ಏನಿಲ್ರಿ ಸಾಹೇಬ್ರ."

ಅವನು ಎಲೆಯನ್ನು ಯಾಕೆ ಬಿಸಾಡಲಿಲ್ಲ ಅಂತ ಬಹಳ ಜನ ಕೇಳಬಹುದು. ಅವನ ಮನಸ್ಸಿನೊಳಗಿನದನ್ನು ನಾನು ಕಟ್ಟಿ ಹೇಳುವುದಿಲ್ಲ. ಅವನ ಪರವಾಗಿ ನಾವು ಮಾತಾಡಿದ್ದು ಸಾಕಾಗಿದೆ. ನನ್ನ ಮನಸ್ಸಿನಲ್ಲಿ ಏನಿತ್ತು ಅಂತ ಮಾತ್ರ ಹೇಳಬಲ್ಲೆ. ಅವನು ಹೋದರೆ ಹಾಲು ಕರೆಯುವವರಿಲ್ಲ, ನೀರು ಸೇದುವವರಿಲ್ಲ ಅನ್ನುವುದು ಇತ್ತು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಜೀವನದಲ್ಲಿ ಒಂದು ಸಲವಾದರೂ ಓದಿದ ತಮ್ಮ ನನ್ನನ್ನು ಜಾಣೆ ಅನ್ನಬೇಕಿತ್ತು.

ಸಾಹೇಬರಿಗೆ ಸಂತೋಷವಾಯಿತು. ಹೋಗುವಾಗ ಗುಮಾಸ್ತನಿಗೆ, "ನೋಡಿ, ಆಳಿಗೂ ಒಂದೇ ತಟ್ಟೆಯಿಂದ ತಾಂಬೂಲ, ಅದೂ ಕೈಗೆ. ಇಂಥ ಮನೆಗಳ ಮೇಲೂ ಅರ್ಜಿ ಹಾಕ್ತಾರೆ" ಅಂದರು. ಅದನ್ನೂ ಬರೆಸಿದರು. ಜೀಪು ಹೋದಮೇಲೆ ಅವನು ಕೊಟ್ಟಿಗೆಗೆ ಹೋಗಿ ಅಂಗಿ ಕಳಚಿ, ಮಡಚಿ, ಕಲ್ಲಿನ ಮೇಲೆ ಇಟ್ಟು, ಎತ್ತು ಹೊಡೆದುಕೊಂಡು ಹೊಲಕ್ಕೆ ಹೋದ. ಅಮಾವಾಸ್ಯೆ ಬಂತು, ಹೋಯಿತು. ಅವನು ಉಳಿದ.

ಆ ವಾರ ತಮ್ಮ ಬಂದ. ಲೆಕ್ಕಿಗನಿಂದ ಎಲ್ಲ ಕೇಳಿಕೊಂಡು ಬಂದಿದ್ದ. ಚಪ್ಪಲಿ ಬಿಡುವುದರೊಳಗೆ ನಗಲಿಕ್ಕೆ ಶುರು ಮಾಡಿದ.

"ಅಕ್ಕ, ಅಸೆಂಬ್ಲ್ಯಾಗ ನಾ ಕುಂತು ದಂಡ. ನೀ ಕುಂದ್ರಬೇಕಿತ್ತು!"

ನಾನೂ ನಕ್ಕೆ. ಅವನಿಗೆ ಇಷ್ಟ ಅಂತ ಹೋಳಿಗೆ ಮಾಡಿದೆ. ಇದನ್ನೂ ಬರೆಯಬೇಕು. ಆ ದಿನ ನನಗೆ ಊಟ ಸೇರಲಿಲ್ಲ, ಒಳಗೊಳಗೆ ಬೆಂದೆ ಅಂತೆಲ್ಲ ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನಾನು ನಾಲ್ಕು ಹೋಳಿಗೆ ತಿಂದೆ.

ಮಳೆ ಬಿತ್ತು. ಅವನು ಎಂಟು ದಿನ ಬಿಡುವು ಕೇಳಿದ. ನಮ್ಮ ಬಿತ್ತನೆ ಮುಗಿಯಲಿ ಅಂದ ತಮ್ಮ. ನಮ್ಮದು ಮುಗಿಯುವ ಹೊತ್ತಿಗೆ ಹದ ಹೋಗಿತ್ತು. ಗುಡೇಕೋಟೆಯಲ್ಲಿ ಅವನ ಹೆಂಡತಿ ಒಬ್ಬಳೇ ಜಾಲಿ ಕಡಿದು, ಕಲ್ಲು ಆರಿಸಿ ಅರ್ಧ ಎಕರೆಯಷ್ಟು ಹಸನು ಮಾಡಿದ್ದಳಂತೆ. ನೋಡಲಿಕ್ಕೆ ಬಂದವರು ಸಾಗುವಳಿ ಇಲ್ಲ ಅಂತ ಬರೆದರು. ಜಮೀನು ವಾಪಸು ಹೋಯಿತು, ಬೇರೆಯವರ ಹೆಸರಿಗೆ ಆಯಿತು. ಶಾಸಕನ ಒಂದು ಸಾಲಿನ ಪತ್ರ ಇದ್ದಿದ್ದರೆ ಉಳಿಯುತ್ತಿತ್ತು. ನಾನು ತಮ್ಮನಿಗೆ ಹೇಳಿದೆ. "ಕಾನೂನಿನ ನಡುವ ನಾ ಕೈ ಹಾಕಂಗಿಲ್ಲ ಅಕ್ಕ" ಅಂದ. ಕೊಟ್ಟಿಗೆಯ ಕಲ್ಲಿನ ಹತ್ತಿರ ನಿಂತೇ ಅಂದ.

ಮುಂದಿನ ಯುಗಾದಿಗೆ ನಾಲ್ಕು ದಿನ ಮೊದಲು ಅವನು ನಮ್ಮ ಊರೇ ಬಿಟ್ಟು ಹೋದ. ಹಿಡಿದ ಮಾತಿನ ವರ್ಷದಲ್ಲಿ ಒಂದು ದಿನವೂ ಕಡಿಮೆ ಮಾಡಬಾರದು ಅಂತ, ಆ ನಾಲ್ಕು ದಿನಕ್ಕೆ ತನ್ನ ಅಣ್ಣನನ್ನು ಕೆಲಸಕ್ಕೆ ನಿಲ್ಲಿಸಿ ಹೋಗಿದ್ದ.

ಆಮೇಲೆ ವರ್ಷಗಳು ಹೋದವು. ತಮ್ಮ ಒಂದು ಚುನಾವಣೆ ಸೋತ, ಒಂದು ಗೆದ್ದ. ಸಕ್ಕರೆ ಕಾಯಿಲೆ ಬಂತು. ತನ್ನ ಕಾಲಿನ ಗಾಯವನ್ನು ತಾನೇ ಅಸಡ್ಡೆ ಮಾಡಿ, ಎರಡು ಸಾವಿರದ ಇಸವಿ ದಾಟಿದ ಕೆಲವು ವರ್ಷಕ್ಕೆ ತೀರಿಕೊಂಡ. ಸಾಯುವಾಗ ಅವನ ತಲೆ ನನ್ನ ತೊಡೆಯ ಮೇಲಿತ್ತು. ನಾನು ಅತ್ತೆ. ಅವನಿಗಾಗಿ ಈಗಲೂ ಅಳುತ್ತೇನೆ. ಅಳುವುದು ಬೇರೆ, ಸಹಿ ಹಾಕುವುದು ಬೇರೆ.

ತಮ್ಮನ ಮಗನ ಹಾಳೆ ಬರುವುದಕ್ಕೆ ಹದಿನೈದು ದಿನ ಮೊದಲು ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಆ ಗ್ರಾಮ ಲೆಕ್ಕಿಗ ಸಿಕ್ಕ. ರಿಟೈರಾಗಿ, ಹಲ್ಲು ಉದುರಿಸಿಕೊಂಡಿದ್ದ.

"ಅವ್ವಾರ, ನಿಮ್ಮ ಆಳು ಅರ್ಜಿ ಹಾಕ್ಯಾನ್ರಿ" ಅಂದ. "ಜೀತದಿಂದ ಬಿಡುಗಡಿ ಆದವ ಅಂತ ಪತ್ರ ಬೇಕಂತ. ಅದು ಸಿಕ್ರ ಜಮೀನು ಮತ್ತ ಕೊಡ್ತಾರ. ಆದ್ರ ಸಿಗಂಗಿಲ್ರಿ."

"ಯಾಕ?"

"ಹಳೇ ಫೈಲ್ನ್ಯಾಗ ನಿಮ್ಮ ಮಾತು ಐತಲ್ರಿ. ಮನಿ ಮಗ ಇದ್ದಂಗ ಅಂತ. ಸಾಹೇಬ್ರ ಕಣ್ಣಾರೆ ಕಂಡೀನಿ ಅಂತ ಬರದಾರ. ಅದನ್ನ ದಾಟಿ ಯಾರು ಹೋಗ್ತಾರ?"

"ನೀನೂ ಇದ್ದೆಲ್ಲ ಅವತ್ತು? ನೀ ಹೇಳು."

"ನಂದು ಪೆನ್ಶನ್ ಐತ್ರಿ ಅವ್ವಾರ" ಅಂದು ಹರಪನಹಳ್ಳಿ ಬಸ್ಸು ಹತ್ತಿದ.

ಅಂದರೆ ನಾನು ಒಂದು ವರ್ಷಕ್ಕೆ ಕಟ್ಟಿದ್ದೆ ಅಂದುಕೊಂಡದ್ದು ಇನ್ನೂ ಬಿಚ್ಚಿರಲಿಲ್ಲ. ನಾನು ಕೂಡಲೇ ಹೋದೆ ಅಂತ ತಿಳಿಯಬೇಡಿ. ಹದಿನೈದು ದಿನ ಸುಮ್ಮನೆ ಕೂತೆ. ಆ ಹಾಳೆ ಎದುರಿಗೆ ಬಂದು, ಅದೇ ಸುಳ್ಳನ್ನು ಮಾಸ್ತರರ ಚೆಂದದ ಅಕ್ಷರದಲ್ಲಿ ಓದಿದಮೇಲೆ ಎದ್ದೆ.

ಕೂಡ್ಲಿಗಿಗೆ ಹೋಗಿ ಅಲ್ಲಿಂದ ಗುಡೇಕೋಟೆ ಬಸ್ಸು ಹಿಡಿದೆ. ಬಂಡೆಗುಡ್ಡಗಳ ನಡುವೆ ಅವನ ಹೆಂಡತಿಯ ಊರು. ಅವಳು ಬಾಗಿಲಲ್ಲಿ ಶೇಂಗಾ ಬಿಡಿಸುತ್ತಿದ್ದಳು. ನನ್ನನ್ನು ನೋಡಿದಳು, ಏಳಲಿಲ್ಲ.

"ಯಾಕ ಬಂದ್ರಿ? ತಟ್ಟಿ ತಂದೀರೇನು?"

"ಇಲ್ಲವ್ವ. ಸಾಕ್ಷಿ ಹೇಳಾಕ ಬಂದೀನಿ."

"ಓಹೋ. ಎಲಿ ಇಟ್ಟ ಕೈ ಈಗ ಸಹಿ ಹಾಕಾಕ ಬಂತೇನು! ಡಾಕ್ಟ್ರು ಇರೋತನ ಈ ಕೈ ಎಲ್ಲಿ ಹೋಗಿತ್ತು?"

ತಮ್ಮ ಇರುವವರೆಗೆ ನನಗೆ ಧೈರ್ಯ ಇರಲಿಲ್ಲ ಅನ್ನುವುದೇ ಉತ್ತರ, ಅದನ್ನೇ ಹೇಳಿದೆ. ಅವಳು ಶೇಂಗಾದ ಪುಟ್ಟಿ ಪಕ್ಕಕ್ಕೆ ಸರಿಸಿದಳು. ಕೂತುಕೋ ಅಂತ ಅಲ್ಲ, ಕಾಲಿಗೆ ಅಡ್ಡ ಅಂತ.

ಅವನು ಕೂಲಿಯಿಂದ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಬಾಯಿ ತೆರೆಯುವುದರೊಳಗೆ ಅವನೇ ಹೇಳಿದ.

"ಅಕ್ಕಾರ, ಸಾಕ್ಷಿ ಹೇಳ್ತೀನಿ ಅಂದ್ರ ಬರ್ರಿ, ತಾರೀಕು ತಿಳಿಸ್ತೀನಿ. ಮಾಫಿ ಕೇಳಾಕ ಬಂದಿದ್ರ ಮಾತ್ರ, ಅದಕ್ಕ ನನ್ನ ಹತ್ರ ಹೊತ್ತಿಲ್ಲ."

ಮಾಫಿಯ ಮಾತು ನನ್ನ ಬಾಯಿಯ ತನಕ ಬಂದಿತ್ತು. ನುಂಗಿಕೊಂಡೆ. ಅವನು ಹೇಳಿದ್ದೇ ಸರಿ. ಮಾಫಿ ಸಿಕ್ಕರೆ ನನಗೆ ಹಗುರ, ಅವನಿಗೆ ಏನು?

ನಾನು ಸಾಕ್ಷಿ ಹೇಳುವ ಸುದ್ದಿ ತಮ್ಮನ ಮಗನಿಗೆ ತಲುಪಿತು. ಅವನು ಆ ವರ್ಷ ಜಿಲ್ಲಾ ಪಂಚಾಯ್ತಿಗೆ ನಿಲ್ಲುವವನಿದ್ದ. ಓಡಿ ಬಂದ.

"ಅತ್ತಿ, ಸತ್ತ ಮನಶ್ಯಾನ ಮ್ಯಾಲ ಕೆಸರು ಹಾಕ್ತೀಯೇನು? ಉಂಡ ಮನಿ ಇದು."

"ಉಂಡ ಮನಿ ಅಂತಾನ ಗೊತ್ತೈತಿ ಎಲ್ಲಿ ಏನೈತಿ ಅಂತ. ಕೆಸರು ಅವನ ಮ್ಯಾಲ ಅಷ್ಟ ಅಲ್ಲ, ನನ್ನ ಮ್ಯಾಲೂ ಐತಿ. ನಾ ತೊಳ್ಕೊಳ್ಳಾಕ ಹೊಂಟಿಲ್ಲ, ತೋರಿಸಾಕ ಹೊಂಟೀನಿ."

"ಹಂಗಂದ್ರ ಈ ಮನಿಯಾಗ ನಿನಗ ಜಾಗ ಇಲ್ಲ."

"ಪುಸ್ತಕದಾಗೂ ಇಲ್ಲಂದ್ರಿ, ಮನಿಯಾಗೂ ಇಲ್ಲಂದ್ರಿ. ನಡೀ, ಒಂದ ಸಲಕ್ಕ ಮುಗೀತು" ಅಂದು ಟ್ರಂಕು ಎತ್ತಿಸಿದೆ. ಅಂದಿನಿಂದ ಕೊಟ್ಟೂರಿನಲ್ಲಿ ಒಂದು ಕೋಣೆ ಮಾಡಿಕೊಂಡಿದ್ದೇನೆ. ಹಪ್ಪಳ ಲಟ್ಟಿಸುತ್ತೇನೆ, ಶಾವಿಗೆ ಮಾಡಿಕೊಡುತ್ತೇನೆ. ನೀರು ನಾನೇ ತರುತ್ತೇನೆ.

ವಿಚಾರಣೆಯ ದಿನ ಕಚೇರಿಯಲ್ಲಿ ನಡುವಯಸ್ಸಿನ ಹೆಣ್ಣುಮಗಳು ಸಾಹೇಬರಾಗಿ ಕೂತಿದ್ದರು. ತಮ್ಮನ ಮಗನ ವಕೀಲ ಎದ್ದು ನಿಂತ.

"ಅಮ್ಮಾ, ನೀವು ಎಷ್ಟು ಓದೀರಿ?"

"ನಾಲ್ಕನೇ ಕ್ಲಾಸು."

"ಕಾಯ್ದೆ ಪ್ರಕಾರ ಜೀತ ಅಂದ್ರ ಏನು ಅಂತ ನಿಮಗ ಗೊತ್ತೈತೇನು?"

"ಕಾಯ್ದೆಯಾಗ ಏನೈತೋ ಗೊತ್ತಿಲ್ರಿ. ನಮ್ಮ ಕೊಟ್ಟಿಗ್ಯಾಗ ಏನಿತ್ತು ಅಂತ ಗೊತ್ತೈತಿ."

ಹಿಂದೆ ಕೂತವರು ನಕ್ಕರು. ವಕೀಲ ಕೆಂಪಾದ. "ಅವತ್ತೊಂದು ಹೇಳೀರಿ, ಇವತ್ತೊಂದು ಹೇಳ್ತೀರಿ. ಯಾವುದು ಸುಳ್ಳು?"

"ಅವತ್ತಿಂದು."

"ಅಧಿಕಾರಿಗಳ ಮುಂದ ಸುಳ್ಳು ಹೇಳಿದ್ದಕ್ಕ ನಿಮ್ಮ ಮ್ಯಾಲ ಕೇಸ್ ಆಗತೈತಿ, ಗೊತ್ತೈತಾ?"

"ಆಗ್ಲಿ. ಹಾಕ್ರಿ."

ಸಾಹೇಬರು ವಕೀಲನನ್ನು ಕೈ ಎತ್ತಿ ಕೂರಿಸಿ, ಎಲೆಯ ವಿಷಯ ಬಿಡಿಸಿ ಹೇಳಿ ಅಂದರು. ಹೇಳಿದೆ. ಕಟ್ಟೆಯ ಅಂಚು, ಇಪ್ಪತ್ತು ದಿನ, ಅಂಗೈ ಬಿಡಿಸಿದ್ದು, ಎಲ್ಲ. ಆಮೇಲೆ ಅರ್ಜಿ ಹಾಕಿದ ಅವನನ್ನು ಕೇಳಿದರು. ಅವನು ಅರ್ಧ ತಾಸು ಮಾತಾಡಿದ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದ ನನಗೆ ಅದರಲ್ಲಿ ಮುಕ್ಕಾಲು ಗೊತ್ತಿರಲಿಲ್ಲ. "ಡಾಕ್ಟ್ರು ಎದಿಗೆ ಕೊಳವಿ ಇಡೋವಾಗ ನಾ ಉಸಿರು ಬಿಗಿ ಹಿಡೀತಿದ್ನಿರಿ" ಅಂದ. "ಏನಾರ ರೋಗ ಕಂಡ್ರ ಬಿಟ್ಟಾರು ಅಂತ. ಎಂದೂ ಕಾಣ್ಲಿಲ್ಲ." ಈ ಸಲ ಯಾರೂ ನಗಲಿಲ್ಲ. ನಾನು ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಕೇಳಿಸಿಕೊಳ್ಳದೆ ತಪ್ಪಿಸಿಕೊಂಡಂತೆ ಆಗುತ್ತಿತ್ತು.

ನನ್ನ ಹೇಳಿಕೆಯ ಕೆಳಗೆ ಸಹಿ ಹಾಕಿದೆ. ಹಳೆಯ ಹೇಳಿಕೆ ಸುಳ್ಳು ಅಂತ ನನ್ನ ಕೈಯಿಂದಲೇ ಒಂದು ಸಾಲು ಬರೆದೆ. ಹೊರಗೆ ಬಂದಮೇಲೆ ಅವನು ನನ್ನ ಜೊತೆ ನಡೆಯಲಿಲ್ಲ, ತನ್ನವರ ಜೊತೆ ಹೋದ. ಹಾಗೆಯೇ ಹೋಗಬೇಕಾದದ್ದು.

ಮೂರು ತಿಂಗಳಿಗೆ ಅವನಿಗೆ ಬಿಡುಗಡೆಯ ಪತ್ರ ಸಿಕ್ಕಿತು. ನನ್ನ ಮೇಲೆ ಕೇಸು ಯಾರೂ ಹಾಕಲಿಲ್ಲ, ಹಾಕಿದ್ದರೆ ಹೋಗಿ ನಿಲ್ಲುತ್ತಿದ್ದೆ. ತಮ್ಮನ ಮಗ ಚುನಾವಣೆಯಲ್ಲಿ ಗೆದ್ದ. ಪುಸ್ತಕವೂ ಬಂತು, ದಪ್ಪ ರಟ್ಟು. ಜಮೀನು ಮಾತ್ರ ಬರಲಿಲ್ಲ. ಹಳೆಯ ಎರಡೆಕರೆಯಲ್ಲಿ ಬೇರೆಯವರು ಬಿತ್ತುತ್ತಿದ್ದಾರೆ, ಅವರೂ ಬಡವರೇ, ಅವರನ್ನು ಎಬ್ಬಿಸುವಂತಿಲ್ಲ. ಬೇರೆ ಕಡೆ ಕೊಡುತ್ತೇವೆ ಅಂತ ಹೇಳಿ ಕಡತ ಇಟ್ಟಿದ್ದಾರೆ. ಅವನಿಗೆ ಕೂಲಿ ಬಿಟ್ಟು ದಿನಾ ಕಚೇರಿಗೆ ತಿರುಗಲಿಕ್ಕಾಗುವುದಿಲ್ಲ. ನನಗೆ ಆಗುತ್ತದೆ. ಪ್ರತಿ ಸೋಮವಾರ ಬೆಳಗಿನ ಬಸ್ಸಿಗೆ ಹೋಗಿ ಕಚೇರಿಯ ಬೆಂಚಿನ ಮೇಲೆ ಕೂಡುತ್ತೇನೆ. ಗುಮಾಸ್ತರು ಬದಲಾಗುತ್ತಾರೆ, ನಾನು ಬದಲಾಗುವುದಿಲ್ಲ. ಮೊನ್ನೆ ಹೊಸಬನೊಬ್ಬ ಕಡತ ತಿರುವಿ ನೋಡಿ ಹುಬ್ಬು ಗಂಟಿಕ್ಕಿದ.

"ಅಜ್ಜಿ, ಈ ಜಮೀನು ನಿಮ್ಮದಲ್ಲ, ನಿಮ್ಮ ಜಾತಿಯವ್ರದೂ ಅಲ್ಲ. ನೀವ್ಯಾಕ ಬರ್ತೀರಿ?"

"ಹೋಗಿದ್ದು ನನ್ನಿಂದಪ್ಪ."

"ಇವತ್ತು ಆಗಂಗಿಲ್ಲ. ಸಾಹೇಬ್ರಿಲ್ಲ."

"ಬರೋತನ ಕುಂತಿರ್ತೀನಿ" ಅಂದೆ.